ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಪ್ರೌಢಶಾಲೆಯ ವಿಜ್ಞಾನದಲ್ಲಿ ಚಲನೆಯ ಪಾಠವನ್ನು ಮಕ್ಕಳು ಉತ್ಸಾಹದಿಂದ ಕೇಳುತ್ತಾರೆ. ರೈಲು ಎಷ್ಟು ವೇಗದಲ್ಲಿ ಹೋಯಿತು, ಯಾವಾಗ ಊರು ಮುಟ್ಟಿತು ಎಂಬ ಲೆಕ್ಕಗಳೆಂದರೆ ಅವರಿಗೆ ಪ್ರೀತಿ. ಆದರೆ ಓಡುವ ವಸ್ತುವನ್ನು ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಯನ್ನು ನನ್ನ ಇಡೀ ಸೇವಾವಧಿಯಲ್ಲಿ ಕೇಳಿದ ಮಕ್ಕಳು ಬೆರಳೆಣಿಕೆಯಷ್ಟು. ನಿವೃತ್ತಿಯ ನಂತರ ಆ ಪ್ರಶ್ನೆ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು. ತಂದವನು ನನ್ನ ತಮ್ಮನ ಮಗ.

ನನ್ನ ತಮ್ಮನ ಬಳಿ 1978ರ ಮಾದರಿಯ ಪ್ರೀಮಿಯರ್ ಪದ್ಮಿನಿ ಕಾರೊಂದಿತ್ತು. ಸೊಲ್ಲಾಪುರದಲ್ಲಿ ಹಳೆಯದನ್ನೇ ಕೊಂಡು ತಂದು, ಮಾದನಹಿಪ್ಪರಗಾದಿಂದ ಆಳಂದಕ್ಕೆ, ಅಕ್ಕಲಕೋಟೆಗೆ, ಸೊಲ್ಲಾಪುರಕ್ಕೆ ಬಾಡಿಗೆ ಹೊಡೆದು ಮಕ್ಕಳನ್ನು ಓದಿಸಿದ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, 1089 ಸಿಸಿ ಎಂಜಿನ್ನಿನ ಈ ಗಾಡಿಯನ್ನು ನಮ್ಮ ಭಾಗದಲ್ಲಿ ಎಲ್ಲರೂ ‘ಫಿಯಾಟ್’ ಎಂದೇ ಕರೆಯುತ್ತಿದ್ದರು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳ ಸಾಲಿನಿಂದ ಪದ್ಮಿನಿ ಪೂರ್ತಿಯಾಗಿ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಪುಣೆಯಲ್ಲಿ ಎಂಜಿನಿಯರ್ ಆಗಿರುವ ತಮ್ಮನ ಮಗ ಅಪ್ಪನ ಗಾಡಿಯನ್ನು ಗುಜರಿಗೆ ಹಾಕಲು ಬಿಡಲಿಲ್ಲ. ಹೆಚ್ಚು ಬಲದ ಎಂಜಿನ್ ಕೂಡಿಸಿ, ಸೀಟುಗಳನ್ನು ಕಿತ್ತು ಹಗುರ ಮಾಡಿ, ಕಾಲು ಮೈಲಿ ಓಟದ ಗಾಡಿಯನ್ನಾಗಿ ಮಾಡಿದ.

ಕಾಲು ಮೈಲಿ ಓಟವೆಂದರೆ ಇಬ್ಬರು ಅಕ್ಕಪಕ್ಕ ನಿಂತು 402 ಮೀಟರ್ ದೂರವನ್ನು ನೇರವಾಗಿ ಓಡುವುದು. ತಿರುವಿಲ್ಲ, ಸುತ್ತಿಲ್ಲ. ಅಮೆರಿಕದಲ್ಲಿ ಇದಕ್ಕೆಂದೇ ಅಂಕಣಗಳಿವೆ. ನಮ್ಮಲ್ಲಿ ಹೆಚ್ಚಾಗಿ ವಿಮಾನ ಪಟ್ಟಿಗಳೇ ಆಸರೆ. ಲೋಣಾವಳದ ಬಳಿಯ ಆಂಬಿ ವ್ಯಾಲಿಯ ಪಟ್ಟಿಯ ಮೇಲೆ ಇಂತಹ ಸ್ಪರ್ಧೆಗಳು ನಡೆದಿವೆ. ಅದಕ್ಕೂ ಬಹಳ ಹಿಂದೆ ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ಪಟ್ಟಿಯ ಮೇಲೆ, ಫಿಯಾಟ್ ಮತ್ತು ಅಂಬಾಸಡರ್‌ಗಳು ಸುತ್ತು ಹಾಕಿ ಪಂದ್ಯವಾಡಿದ್ದವು.

ಹುಡುಗನ ಆಸೆಗೆ ತಮ್ಮ ಅಡ್ಡ ಬರಲಿಲ್ಲ. ಒಂದೇ ಒಂದು ಷರತ್ತು ಹಾಕಿದ. “ಓಡಸೋದು ಯಾರ ಬೇಕಾದ್ರೂ ಓಡಸ್ತಾರ. ನಿಂದ್ರಸೋದು ಹ್ಯಾಂಗ ಅನ್ನೋದು ದೊಡ್ಡಪ್ಪಗ ತೋರಿಸಿ ಒಪ್ಪಸು, ಆಮ್ಯಾಲ ಒಯ್ಯಿ” ಎಂದ. ಆ ಮಾತಿನ ಹಿಂದೆ ಅನುಭವವಿತ್ತು. ಒಂದು ಮಳೆಗಾಲ ಹಳ್ಳ ದಾಟಿದ ಮೇಲೆ ಮುಂದಿನ ಒಂದು ಚಕ್ರದ ಡ್ರಮ್ಮಿನೊಳಗೆ ನೀರು ಉಳಿದು, ಬ್ರೇಕ್ ಒತ್ತಿದಾಗ ಗಾಡಿ ಒಂದೇ ಬದಿಗೆ ಎಳೆದು ತೊಗರಿ ಹೊಲಕ್ಕೆ ಇಳಿದಿತ್ತು. ಗಾಡಿಯಲ್ಲಿ ಬಾಣಂತಿ ಇದ್ದಳು. ಯಾರಿಗೂ ಏನೂ ಆಗಲಿಲ್ಲ, ಆದರೆ ತಮ್ಮ ಅದನ್ನು ಮರೆಯಲಿಲ್ಲ.

ಡ್ರಮ್ ಮತ್ತು ಡಿಸ್ಕ್ ನಡುವಿನ ಭೇದವನ್ನು ನಾನು ಮಕ್ಕಳಿಗೆ ಸೈಕಲ್ ತೋರಿಸಿ ಹೇಳುತ್ತಿದ್ದೆ. ಸೈಕಲ್ಲಿನ ರಬ್ಬರ್ ಗುಂಡಿಗಳು ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ರಿಮ್ ಬಯಲಿನಲ್ಲಿದೆ, ಗಾಳಿಗೆ ತಣಿಯುತ್ತದೆ. ಡಿಸ್ಕ್ ಬ್ರೇಕ್ ಇದರ ಖಾಸಾ ತಮ್ಮ. ಡ್ರಮ್ ಬ್ರೇಕಿನಲ್ಲಾದರೋ ಬೋಗುಣಿಯಂತಹ ಡ್ರಮ್ಮಿನ ಒಳಗೋಡೆಗೆ ಶೂಗಳು ಒತ್ತಿಕೊಳ್ಳುತ್ತವೆ, ಶಾಖ ಒಳಗೇ ಸಿಕ್ಕಿಬೀಳುತ್ತದೆ. ಡ್ರಮ್ ಬಿಸಿಯಾದಂತೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಕಾಲು ಇನ್ನಷ್ಟು ಒತ್ತಬೇಕಾಗುತ್ತದೆ, ಹಿಡಿತ ಇನ್ನಷ್ಟು ಕುಗ್ಗುತ್ತದೆ. ಡಿಸ್ಕ್ ಹೊಸದೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಲೋಕದ ಕಣ್ಣು ತೆರೆದದ್ದು 1953ರಲ್ಲಿ, ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದಾಗ.

ಹುಡುಗನನ್ನು ಕೂಡಿಸಿಕೊಂಡು ಮೊದಲು ಲೆಕ್ಕ ಹಾಕಿದೆವು. ಚಾಲಕನೂ ಸೇರಿ ಗಾಡಿಯ ತೂಕ 900 ಕೆ.ಜಿ. ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ 1.25 ಲಕ್ಷ ಜೌಲ್. 120 ಕಿ.ಮೀ. ವೇಗದಲ್ಲಿ 5 ಲಕ್ಷ ಜೌಲ್. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ನಿಲ್ಲುವ ದೂರವೂ ಹಾಗೆಯೇ. ಒಳ್ಳೆಯ ಒಣ ಡಾಂಬರಿನ ಮೇಲೆ ಮೊದಲನೆಯದಕ್ಕೆ ಸುಮಾರು 20 ಮೀಟರ್ ಸಾಕಾದರೆ ಎರಡನೆಯದಕ್ಕೆ 80 ಮೀಟರ್ ಬೇಕು. ಈ 5 ಲಕ್ಷ ಜೌಲ್ ಎಲ್ಲಿಗೂ ಮಾಯವಾಗುವುದಿಲ್ಲ. 20 ಡಿಗ್ರಿಯ ಒಂದೂವರೆ ಲೀಟರ್ ನೀರನ್ನು ಕುದಿಸುವಷ್ಟು ಶಾಖ ಕೆಲವೇ ಸೆಕೆಂಡುಗಳಲ್ಲಿ ಬ್ರೇಕಿನೊಳಗೆ ಹುಟ್ಟುತ್ತದೆ. ಅದರಲ್ಲಿ ನೂರಕ್ಕೆ 70 ಭಾಗವನ್ನು ಮುಂದಿನ ಎರಡು ಡಿಸ್ಕುಗಳು ಹೊರುತ್ತವೆ, ಒಂದೊಂದರ ತೂಕ 4 ಕೆ.ಜಿ. ಎಂದು ಭಾವಿಸಿದರೆ, ಒಂದೇ ನಿಲುಗಡೆಗೆ ಅವುಗಳ ಉಷ್ಣತೆ ಸುಮಾರು 95 ಡಿಗ್ರಿ ಏರುತ್ತದೆ.

ಮುಂದಿನ ಚಕ್ರಗಳೇ ಏಕೆ? ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಪದ್ಮಿನಿಯ ಎರಡು ಅಚ್ಚುಗಳ ಅಂತರ 2340 ಮಿ.ಮೀ. ಗುರುತ್ವಕೇಂದ್ರ 55 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ, ಜೋರಾಗಿ ನಿಲ್ಲಿಸುವಾಗ ಸುಮಾರು 150 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಆದ್ದರಿಂದ ಮುಂದೆ ಡಿಸ್ಕ್, ಹಿಂದೆ ಹಳೆಯ ಡ್ರಮ್ ಎಂಬ ಜೋಡಿ ತಪ್ಪಲ್ಲ.

ಆಯ್ಕೆಗಳು ಮೂರಿದ್ದವು. ಹುಡುಗನ ಮನಸ್ಸು ಹೊರದೇಶದ ದೊಡ್ಡ ಡಿಸ್ಕಿನ ಮೇಲಿತ್ತು. ಮೈತುಂಬ ತೂತು ಕೊರೆದ, ಕೆಂಪು ಕ್ಯಾಲಿಪರ್ ಇರುವ, ನೋಡಲು ಚೆಂದದ ಸಾಮಾನು. ಎರಡನೆಯದು ಮಾರುತಿ 800ರ ಡಿಸ್ಕ್. ಬಿಡಿಭಾಗ ಆಳಂದದಲ್ಲಿಯೂ ಸಿಗುತ್ತದೆ, ಅಗ್ಗ. ಮೂರನೆಯದು ಸೊಲ್ಲಾಪುರದ ಮುದುಕ ಮೇಸ್ತ್ರಿಯ ಸಲಹೆ, ಹಳೆಯ ಪ್ರೀಮಿಯರ್ 118 ಎನ್‌ಇ ಕಾರಿನ ಮುಂದಿನ ಡಿಸ್ಕ್.

ಒಂದೊಂದನ್ನೇ ತೂಗಿ ನೋಡಿದೆವು. ಎರಕದ ಡಿಸ್ಕಿಗೆ ತೂತು ಕೊರೆದರೆ, ಕಾಯ್ದು ತಣಿದು ಕಾಯ್ದು ತಣಿದು ಆ ತೂತುಗಳ ಅಂಚಿನಲ್ಲಿಯೇ ಬಿರುಕು ಹುಟ್ಟುತ್ತದೆ. ಡಿಸ್ಕ್ ದೊಡ್ಡದಾದಷ್ಟೂ ತೂಕ ಹೆಚ್ಚು, ತಿರುಗುವ ತೂಕ ಹೆಚ್ಚಿದಷ್ಟೂ ಹೊರಡುವಾಗ ಗಾಡಿ ಮಂದವಾಗುತ್ತದೆ. ಓಟದ ಗಾಡಿಗೆ ಮುಂದೆ ಸಪೂರ ಚಕ್ರ ಹಾಕುತ್ತಾರೆ, ಅದರೊಳಗೆ ದೊಡ್ಡ ಕ್ಯಾಲಿಪರ್ ಕೂಡಲೂ ಬೇಕಲ್ಲ. ಮಾರುತಿ 800 ಸುಮಾರು 650 ಕೆ.ಜಿ.ಯ ಗಾಡಿ. ಅದರ ಬ್ರೇಕಿಗೆ 900 ಕೆ.ಜಿ. ಹೊರಿಸುವುದು ನನಗೆ ಸರಿಕಾಣಲಿಲ್ಲ. 118 ಎನ್‌ಇ ಮಾತ್ರ ಪದ್ಮಿನಿಯ ತೂಕದ ಗಾಡಿ. ಅದರ ಡಿಸ್ಕಿಗೆ ತೂತಿಲ್ಲ, ಆಡಂಬರವಿಲ್ಲ. “ಇದು ಈ ಭಾರಕ್ಕ ಹುಟ್ಟಿದ್ದು ನೋಡ್ರಿ ಮಾಸ್ತರ್ರೆ” ಎಂದ ಮೇಸ್ತ್ರಿ. ನಮ್ಮ ಕಾಗದದ ಲೆಕ್ಕವೂ ಅದನ್ನೇ ಹೇಳಿತು.

ಡಿಸ್ಕ್ ಆರಿಸಿದರೆ ಕೆಲಸ ಮುಗಿಯಲಿಲ್ಲ. ಡ್ರಮ್ಮಿನ ಶೂ ತಿರುಗುವ ದಿಕ್ಕಿನಲ್ಲಿ ತಾನೇ ಎಳೆದುಕೊಂಡು ಬಿಗಿಯುತ್ತದೆ. ಡಿಸ್ಕಿಗೆ ಆ ಗುಣವಿಲ್ಲ, ಕಾಲಿನ ಬಲವೇ ಬೇಕು. ಸಾಮಾನ್ಯ ಕಾರುಗಳಲ್ಲಿ ಎಂಜಿನ್ನಿನ ನಿರ್ವಾತದಿಂದ ನಡೆಯುವ ಬೂಸ್ಟರ್ ಇರುತ್ತದೆ. ಓಟಕ್ಕೆ ತಿದ್ದಿದ ಎಂಜಿನ್ನಿನಲ್ಲಿ ಆ ನಿರ್ವಾತವೇ ದುರ್ಬಲ. ಆದ್ದರಿಂದ ಬೂಸ್ಟರ್ ಬಿಟ್ಟು ಪೆಡಲಿನ ಸನ್ನೆಯ ಉದ್ದವನ್ನು ಹೆಚ್ಚಿಸಿದೆವು. ಮಾಸ್ಟರ್ ಸಿಲಿಂಡರಿನ ವ್ಯಾಸ ಹಿಗ್ಗಿದರೆ ಪೆಡಲ್ ಗಟ್ಟಿಯಾಗುತ್ತದೆ, ಆದರೆ ಕಾಲಿಗೆ ಶ್ರಮ. ಕುಗ್ಗಿದರೆ ಕಾಲಿಗೆ ಸುಲಭ, ಆದರೆ ಪೆಡಲ್ ಆಳಕ್ಕೆ ಇಳಿಯುತ್ತದೆ. ಪಾಸ್ಕಲ್ ನಿಯಮ ಯಾರಿಗೂ ಪುಕ್ಕಟೆ ಏನನ್ನೂ ಕೊಡುವುದಿಲ್ಲ. ಡ್ರಮ್ಮಿನ ಮಾರ್ಗದಲ್ಲಿ ಸ್ವಲ್ಪ ಒತ್ತಡವನ್ನು ಸದಾ ಹಿಡಿದಿಡುವ ಕವಾಟವಿರುತ್ತದೆ. ಡಿಸ್ಕಿನ ಮಾರ್ಗದಲ್ಲಿ ಅದು ಉಳಿದರೆ ಪ್ಯಾಡುಗಳು ಉಜ್ಜುತ್ತಲೇ ಇರುತ್ತವೆ. ಆ ಹಳೆಯ ಗಾಡಿಗೆ ಇದ್ದದ್ದು ಒಂದೇ ಎಣ್ಣೆಮಾರ್ಗ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರ ಅನಾಥ. ಮುಂದಕ್ಕೊಂದು, ಹಿಂದಕ್ಕೊಂದು ಎಂದು ಮಾರ್ಗವನ್ನು ಬೇರೆ ಮಾಡಿಸಿದೆವು. ಹಿಂದಿನ ಚಕ್ರ ಮೊದಲು ಕಚ್ಚಿದರೆ ಗಾಡಿ ಬುಗುರಿಯಂತೆ ತಿರುಗುತ್ತದೆ. ಹಾಗಾಗಿ ಹಿಂದಿನ ಒತ್ತಡವನ್ನು ಹೊಂದಿಸುವ ಕವಾಟವನ್ನೂ ಹಾಕಿಸಿದೆವು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದಿದ್ದರೆ, ತೇವ ಹೀರಿದ್ದು 155 ಡಿಗ್ರಿಗೇ ಕುದಿಯಬಹುದು. ಪ್ರತಿ ವರ್ಷ ಎಣ್ಣೆ ಬದಲಿಸುವುದಾಗಿ ಹುಡುಗನಿಂದ ಮಾತು ಪಡೆದೆ.

ಇಷ್ಟೆಲ್ಲ ಯಾಕೆ ದೊಡ್ಡಪ್ಪ ಎಂದು ಹುಡುಗ ಒಮ್ಮೆ ಬೇಸರಪಟ್ಟುಕೊಂಡ. ಆಗ ಸ್ಕಾಟ್ ಕಲಿಟಾ ಎಂಬ ಅಮೆರಿಕದ ಓಟಗಾರನ ಕಥೆ ಹೇಳಿದೆ. 2008ರ ಜೂನಿನಲ್ಲಿ, ನ್ಯೂಜೆರ್ಸಿಯ ಇಂಗ್ಲಿಷ್‌ಟೌನಿನಲ್ಲಿ, ಎಂಜಿನ್ ಸ್ಫೋಟಗೊಂಡು, ನಿಲ್ಲಿಸಬೇಕಾದ ಪ್ಯಾರಾಚೂಟುಗಳು ಕೆಲಸ ಮಾಡದೆ, ಅವನ ಗಾಡಿ ಅಂಕಣದ ಕೊನೆಯನ್ನೂ ದಾಟಿ ಹೋಯಿತು. ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದವನು ಆ ದಿನವೇ ತೀರಿಕೊಂಡ. ಮರುತಿಂಗಳಿನಿಂದಲೇ ಅತಿವೇಗದ ಗಾಡಿಗಳ ಓಟವನ್ನು 1320 ಅಡಿಯಿಂದ 1000 ಅಡಿಗೆ ಇಳಿಸಿದರು. ಓಟವನ್ನು ಕುಗ್ಗಿಸಿ ನಿಲ್ಲುವ ಜಾಗವನ್ನು ಹಿಗ್ಗಿಸಿದರು. ಕೇಳಿ ಹುಡುಗ ಸುಮ್ಮನಾದ.

ಇನ್ನೊಂದು ಮಾತನ್ನು ಓದುಗರು ಗಮನಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ವಿವರಣೆಗೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಈ ಗಾಡಿ ಈಗ ರಸ್ತೆಗೆ ಇಳಿಯುವುದಿಲ್ಲ. ಬೇರೊಂದು ವಾಹನದ ಮೇಲೆ ಹೇರಿಕೊಂಡು ಮೈದಾನಕ್ಕೆ ಒಯ್ಯುತ್ತಾರೆ.

ಕ್ಯಾಲಿಪರ್ ಹಿಡಿಯುವ ಬ್ರಾಕೆಟ್ಟನ್ನು ಬೆಸುಗೆಯಿಂದ ತೇಪೆ ಹಾಕದೆ, ದಪ್ಪ ಉಕ್ಕಿನಲ್ಲಿ ಅಳತೆಗೆ ತಕ್ಕಂತೆ ಕಡೆಸಿದರು. ಕ್ಯಾಲಿಪರಿನ ಸೀಲುಗಳೆಲ್ಲ ಹೊಸವು. ಸೊಲ್ಲಾಪುರದ ಒಂದು ಮುಚ್ಚಿದ ಬಯಲಿನಲ್ಲಿ ಮೊದಲು 40, ಆಮೇಲೆ 60, ಆಮೇಲೆ 80ರ ವೇಗದಲ್ಲಿ ನಿಲ್ಲಿಸಿ ನೋಡಿದರು. ನಡುನಡುವೆ ಡಿಸ್ಕ್ ತಣಿಯಲು ಬಿಟ್ಟರು. ಗಾಡಿ ಪ್ರತಿ ಸಲವೂ ಗೆರೆ ಎಳೆದಂತೆ ನೇರ ನಿಂತಿತು. ತಮ್ಮ ನನ್ನ ಪಕ್ಕದಲ್ಲಿ ನಿಂತು ಬಾಯಿ ಬಿಡದೆ ನೋಡುತ್ತಿದ್ದ. ಕೊನೆಯ ಸಲ ಗಾಡಿ ನಿಂತ ಮೇಲೆ ಹತ್ತಿರ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು, “ಈಗ ಒಯ್ಯಿ” ಎಂದಷ್ಟೇ ಹೇಳಿದ.

ಮನೆಯಲ್ಲಿ ಹಳೆಯ ಗಾಡಿಯುಳ್ಳವರಿಗೂ, ಗಾಡಿಯ ಹುಚ್ಚಿರುವ ಮಕ್ಕಳುಳ್ಳವರಿಗೂ ನನ್ನ ವಿನಂತಿ ಇಷ್ಟೇ. ಎಂಜಿನ್ನಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಬ್ರೇಕಿನ ಲೆಕ್ಕ ಹಾಕಿರಿ. ಅದು ಒಂಬತ್ತನೆಯ ತರಗತಿಯ ಲೆಕ್ಕ, ಯಾರು ಬೇಕಾದರೂ ಹಾಕಬಹುದು.