ನಕಲು ನಕಲಿಯಾದಾಗ

ಜೂನ್ 18, 2024, ಶಿವಮೊಗ್ಗ

ಬೆಳಗಿನಿಂದ ಜಡಿಮಳೆ. ಹಳ್ಳಿಗಳಲ್ಲಿ ಹಂಚುವ ಔಷಧದ ಕೈಪಿಡಿಯ ಅನುವಾದ ಮೂರನೇ ಪುಟದಲ್ಲೇ ನಿಂತಿದೆ. 1940ರ ಔಷಧ ಕಾಯಿದೆ ಮೂರು ಇಂಗ್ಲಿಷ್ ಮಾತುಗಳನ್ನು ಬೇರೆಬೇರೆಯಾಗಿ ಇಡುತ್ತದೆ: ಮಿಸ್‌ಬ್ರಾಂಡೆಡ್, ಅಡಲ್ಟರೇಟೆಡ್, ಸ್ಪೂರಿಯಸ್. ಎರಡನೆಯದಕ್ಕೆ ಕಲಬೆರಕೆ ಎಂಬ ಮಾತು ಹತ್ತಿರವಿದೆ. ಹಾಲಿಗೆ ನೀರು, ಮೆಣಸಿಗೆ ಪರಂಗಿ ಬೀಜ ಬೆರೆಸಿದ್ದನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದರಲ್ಲಿ ಸುಳ್ಳು ಇರುವುದು ಲೇಬಲ್ಲಿನಲ್ಲಿ, ಇಲ್ಲವೇ ಹಾಳಾದದ್ದನ್ನು ಬಣ್ಣ ಬಳಿದು ಮುಚ್ಚುವುದರಲ್ಲಿ. ಮೂರನೆಯದು ಬೇರೆ ಔಷಧದ ಹೆಸರನ್ನೋ ಇಲ್ಲದ ಕಂಪನಿಯ ಹೆಸರನ್ನೋ ಹೊತ್ತು ಬರುವಂಥದ್ದು. ಮೂರಕ್ಕೂ ‘ನಕಲಿ’ ಎಂದು ಬರೆದು ಮುಗಿಸಬಹುದಿತ್ತು. ಕೈ ಬರಲಿಲ್ಲ.

ಸಂಜೆ ಜನೌಷಧಿ ಕೇಂದ್ರದಿಂದ ಅತ್ತೆಯ ಬಿಪಿ ಮಾತ್ರೆ ತಂದೆ. ಬೆಲೆ ಕೇಳಿದ್ದೇ ಶೀಟನ್ನು ಮೇಜಿನ ಮೇಲಿಟ್ಟುಬಿಟ್ಟರು. “ಇದು ಡೂಪ್ಲಿಕೇಟು ಕಣೇ. ಇಷ್ಟು ಕಮ್ಮಿಗೆ ಒರಿಜಿನಲ್ ಯಾರು ಕೊಡ್ತಾರೆ?” ಹಳೆಯ ಶೀಟಿನಲ್ಲಿ ಇನ್ನೂ ಹದಿನಾಲ್ಕು ಮಾತ್ರೆ ಉಳಿದಿವೆ. ಅಷ್ಟರೊಳಗೆ ಅವರನ್ನು ಒಪ್ಪಿಸಬೇಕು.

ಜೂನ್ 20

ತಮಿಳುನಾಡಿನ ಕಲ್ಲಕುರಿಚಿಯಿಂದ ಸಂಕಟದ ಸುದ್ದಿ. ಮೆಥನಾಲ್ ಬೆರೆತ ಸಾರಾಯಿ ಕುಡಿದು ಕೂಲಿ ಮಾಡುವ ಜನ ಸಾಯುತ್ತಿದ್ದಾರೆ. ಇಂಥದ್ದನ್ನು ಇಂಗ್ಲಿಷ್ ಪತ್ರಿಕೆಗಳು ಸ್ಪೂರಿಯಸ್ ಲಿಕ್ಕರ್ ಎನ್ನುತ್ತವೆ. ನನ್ನ ಮೂರನೇ ಪುಟದ ಮಾತೇ ಇದು.

ರಾತ್ರಿ ಅದರ ಬೇರು ಹುಡುಕಿದೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಮದುವೆಯಾಚೆ ಹುಟ್ಟಿದ ಮಗು ಎಂಬ ಅರ್ಥ. ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಆ ಮಗು ಯಾರಿಗೆ ಮೋಸ ಮಾಡಿತ್ತು? ವಿಷ ಕಾಸಿದವನಿಗೆ ಅಂಟಬೇಕಾದ ಮಾತು ಏನೂ ಅರಿಯದ ಕೂಸಿನ ಮೈಮೇಲಿಂದ ಬಂದಿದೆ.

ಜೂನ್ 23

ಹುಡುಕುತ್ತಾ ಹೋದರೆ ಇಂಥ ಮಾತುಗಳು ಇನ್ನೂ ಸಿಗುತ್ತವೆ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಕ್ರಿಸ್ಟೋಫರ್ ಪಿಂಚ್‌ಬೆಕ್ ಎಂಬ ಗಡಿಯಾರದ ಕುಶಲಿ ಇದ್ದ, 1732ರಲ್ಲಿ ತೀರಿಕೊಂಡ. ತಾಮ್ರಕ್ಕೆ ಸತು ಸೇರಿಸಿ ಚಿನ್ನದಂತೆ ಹೊಳೆಯುವ ಲೋಹ ಮಾಡಿದ್ದು ಅವನ ಕೈಚಳಕ. ಈಗ ನಿಘಂಟಿನಲ್ಲಿ ಪಿಂಚ್‌ಬೆಕ್ ಅಂದರೆ ಹುಸಿ, ಅಗ್ಗದ್ದು.

ಹದಿನೇಳನೇ ಶತಮಾನದ ಬರ್ಮಿಂಗ್‌ಹ್ಯಾಮಿನಲ್ಲಿ ಖೋಟಾ ನಾಣ್ಯ ಹೊಡೆದವರು ಕೆಲವರು. ಆದರೆ ಊರಿನ ಆಡುಹೆಸರಾದ ಬ್ರಮ್ಮಜೆಮ್ ಎಂಬುದೇ ಥಳುಕಿನ ಕಳಪೆ ಮಾಲಿಗೆ ಹೆಸರಾಯಿತು. ಅಲ್ಲಿ ಬೆವರು ಸುರಿಸಿದ ಸಾವಿರಾರು ಕಮ್ಮಾರರಿಗೂ ಆ ಮಸಿ ತಗುಲಿತು.

ಎಲ್ಲಕ್ಕಿಂತ ನೋಯಿಸಿದ್ದು ಟಾಡ್ರಿ ಎಂಬ ಮಾತು. 679ರಲ್ಲಿ ತೀರಿಕೊಂಡ, ಇಂಗ್ಲೆಂಡಿನ ಈಲಿಯ ಸಂತ ಎಥೆಲ್‌ಡ್ರೆಡಾಳನ್ನು ಜನ ಆಡ್ರಿ ಎಂದು ಕರೆದರು. ಕೊರಳಲ್ಲಿ ಗೆಡ್ಡೆ ಎದ್ದಾಗ, ಹರೆಯದಲ್ಲಿ ಹಾಕಿಕೊಂಡ ಸರಗಳ ಋಣ ಹೀಗೆ ತೀರುತ್ತಿದೆ ಎಂದುಕೊಂಡವಳು ಆಕೆ. ಮುಂದೆ ಆಕೆಯ ಹೆಸರಿನ ಜಾತ್ರೆಯಲ್ಲಿ ರೇಷ್ಮೆಯ ಕೊರಳಪಟ್ಟಿ ಮಾರಿದರು. ಸೇಂಟ್ ಆಡ್ರಿಯ ಪಟ್ಟಿ ಎಂಬುದು ಬಾಯಿಂದ ಬಾಯಿಗೆ ಸವೆದು ಟಾಡ್ರಿಯಾಯಿತು, ಅಗ್ಗದ ಬೆಡಗಿಗೆ ಹೆಸರಾಯಿತು. ಒಡವೆ ತೊರೆದ ಹೆಣ್ಣಿನ ಹೆಸರು ಕಳಪೆ ಒಡವೆಗೆ ಅಂಟಿತು.

ಜೂನ್ 26

ಗುರಿ ತಪ್ಪದ ಮಾತೂ ಒಂದು ಸಿಕ್ಕಿತು. ಹುಸಿ ಎಂಬರ್ಥದ ಫೋನಿ ಎಂಬುದು ಉಂಗುರಕ್ಕಿರುವ ಐರಿಷ್ ಮಾತಿನಿಂದ ಹುಟ್ಟಿರಬೇಕು ಎನ್ನುತ್ತಾರೆ ನಿಘಂಟುಕಾರರು. ಗಿಲೀಟಿನ ಹಿತ್ತಾಳೆ ಉಂಗುರವನ್ನು ಬೀದಿಯಲ್ಲಿ ಬೀಳಿಸುವುದು, ದಾರಿಹೋಕನ ಕಣ್ಣೆದುರೇ ಎತ್ತಿಕೊಳ್ಳುವುದು, ಚಿನ್ನವೆಂದು ನಂಬಿಸಿ ಅವನಿಗೇ ಮಾರುವುದು. ಕಳ್ಳರು ಈ ಆಟಕ್ಕೆ ಉಂಗುರದ ಹೆಸರನ್ನೇ ಇಟ್ಟಿದ್ದರು. ಇಲ್ಲಿ ಮಾತು ಮೋಸದ ಮೇಲೆಯೇ ಬೆರಳಿಟ್ಟಿದೆ.

ಜೂನ್ 29

ಇಂಗ್ಲಿಷನ್ನು ದೂರುತ್ತಾ ಕೂತವಳಿಗೆ ಅತ್ತೆಯ ಮಾತು ನೆನಪಾಯಿತು. ಡೂಪ್ಲಿಕೇಟ್ ಎಂದರೆ ಇಂಗ್ಲಿಷಿನಲ್ಲಿ ಎರಡನೇ ಪ್ರತಿ, ಅಷ್ಟೆ. ಅದನ್ನು ಖೋಟಾ ಮಾಡಿದವರು ನಾವು. ಲೋಕಲ್ ಎಂದರೆ ನಮ್ಮ ಊರಿನದು. ಅದನ್ನು ಕಳಪೆ ಮಾಡಿದವರೂ ನಾವೇ. ಬರ್ಮಿಂಗ್‌ಹ್ಯಾಮಿಗೆ ಅವರು ಮಾಡಿದ್ದನ್ನು ನಾವು ನಮ್ಮೂರಿಗೇ ಮಾಡಿಕೊಂಡಿದ್ದೇವೆ.

ಅರಬ್ಬಿಯಿಂದ ಬಂದ ನಕಲು ಎಂಬ ಮಾತು ನಮ್ಮಲ್ಲಿ ಇವತ್ತಿಗೂ ಮರ್ಯಾದಸ್ಥ. ತಾಲ್ಲೂಕು ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ, ನ್ಯಾಯಾಲಯವೂ ಅದನ್ನು ಕೈಗೆತ್ತಿಕೊಳ್ಳುತ್ತದೆ. ಕೊನೆಯ ಉಕಾರ ಇಕಾರವಾದರೆ ಮಾತ್ರ ಅದೇ ಕಾಗದ ಅಪರಾಧ. ನಕಲು ತಾನು ನಕಲೆಂದು ಒಪ್ಪಿಕೊಳ್ಳುತ್ತದೆ, ನಕಲಿ ಒಪ್ಪಿಕೊಳ್ಳುವುದಿಲ್ಲ. ಅತ್ತೆಯ ಮಾತ್ರೆ ನಕಲು. ಕಂಡುಹಿಡಿದವರ ಪೇಟೆಂಟ್ ಅವಧಿ ಮುಗಿದ ಮೇಲೆ, ಅದೇ ಔಷಧವನ್ನು ಪರವಾನಗಿ ಪಡೆದು ತಯಾರಿಸಿ, ಅದರ ಮೂಲ ಹೆಸರಿನಲ್ಲೇ ಜೆನೆರಿಕ್ ಎಂದು ಮಾರುತ್ತಾರೆ. ಬೆಲೆ ಇಳಿದಿದ್ದು ಬ್ರ್ಯಾಂಡಿನ ಹೆಸರೂ ಪ್ರಚಾರದ ಖರ್ಚೂ ಇಲ್ಲದ್ದರಿಂದ.

ಜುಲೈ 1

1860ರ ದಂಡಸಂಹಿತೆಯ ಜಾಗಕ್ಕೆ ಇಂದು ಭಾರತೀಯ ನ್ಯಾಯ ಸಂಹಿತೆ ಬಂತು. ಕೌಂಟರ್‌ಫೀಟ್ ಎಂಬುದಕ್ಕೆ ಹಳೆಯದರಲ್ಲಿದ್ದ ವಿವರಣೆಯೇ ಹೊಸದರಲ್ಲೂ ಇದೆ. ಒಂದು ವಸ್ತು ಇನ್ನೊಂದನ್ನು ಹೋಲುವಂತೆ ಮಾಡಿದರಷ್ಟೇ ಸಾಲದು. ಆ ಹೋಲಿಕೆಯಿಂದ ವಂಚಿಸುವ ಉದ್ದೇಶ, ಇಲ್ಲವೇ ವಂಚನೆಯಾದೀತೆಂಬ ಅರಿವು ಇರಬೇಕು. ಎಷ್ಟೋ ಮಾತುಗಳು ತಪ್ಪಿದ ಗುರಿಯನ್ನು ಕಾನೂನು ಹಿಡಿದಿದೆ.

ಮೂರನೇ ಪುಟ ಮುಗಿಸಿದೆ. ‘ಲೇಬಲ್ಲು ಸುಳ್ಳು ಹೇಳುವ ಔಷಧ’, ‘ಕಲಬೆರಕೆ ಔಷಧ’, ‘ಮೋಸಕ್ಕೆಂದೇ ತಯಾರಿಸಿದ ಖೋಟಾ ಔಷಧ’. ಕೆಳಗೆ ದಪ್ಪಕ್ಷರದಲ್ಲಿ: ‘ಜೆನೆರಿಕ್ ಔಷಧ ಈ ಮೂರರಲ್ಲಿ ಯಾವುದೂ ಅಲ್ಲ.’

ಜುಲೈ 3

ಹಳೆಯ ಶೀಟು ನಿನ್ನೆ ಮುಗಿಯಿತು. ಬೆಳಿಗ್ಗೆ ಎರಡೂ ಶೀಟುಗಳನ್ನು ಅತ್ತೆಯ ಕೈಗೆ ಕೊಟ್ಟು ಎರಡರಲ್ಲೂ ಇರುವ ಔಷಧದ ಮೂಲ ಹೆಸರು ತೋರಿಸಿದೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅಮ್ಲೊಡಿಪಿನ್ ಎಂಬುದರ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಎಣಿಸಿದರು. ಇದರಲ್ಲೂ ಹತ್ತು, ಅದರಲ್ಲೂ ಹತ್ತು, ಆಕಾರವೂ ಒಂದೇ.

ತಲೆಯೆತ್ತಿ ಕೇಳಿದರು: “ಖೋಟಾ ಮಾಡೋನೂ ಇದೇ ಹತ್ತು ಅಕ್ಷರ ಬರೀತಾನಲ್ಲ?”

ಹದಿನೈದು ದಿನ ನಿಘಂಟು ತಿರುವಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. “ಹೌದು ಅತ್ತೆ, ಬರೀತಾನೆ. ಅದಕ್ಕೇ ಲೈಸೆನ್ಸ್ ಇರೋ ಅಂಗಡೀಲೇ ತಗೋಬೇಕು. ಬಿಲ್ಲು ಇಸ್ಕೊಂಡು, ಬ್ಯಾಚ್ ನಂಬರ್ ಬಿಲ್ಲಲ್ಲೂ ಶೀಟಲ್ಲೂ ಒಂದೇ ಇದೆಯಾ ನೋಡ್ಬೇಕು. ನಾಳೆ ಏನಾದ್ರೂ ಆದ್ರೆ ಉತ್ತರ ಕೊಡೋಕೆ ಒಬ್ಬರು ಇರ್ತಾರೆ.”

“ಬಿಲ್ಲು ಎಲ್ಲಿ?”

ಪರ್ಸಿನಿಂದ ತೆಗೆದುಕೊಟ್ಟೆ. ನಂಬರುಗಳನ್ನೂ ಹಾಗೆಯೇ ಬೆರಳಿಟ್ಟು ಹೊಂದಿಸಿ ನೋಡಿದರು. ಬಿಲ್ಲನ್ನು ಮಡಚಿ ಪಂಚಾಂಗದೊಳಗೆ ಇಟ್ಟರು. ಆಮೇಲೆ ನೀರು ಕೇಳಿದರು.

ಕೈಪಿಡಿಗೆ ಇನ್ನೊಂದು ಪ್ಯಾರಾ ಸೇರಿಸಬೇಕು. ಬಿಲ್ಲಿನ ಬಗ್ಗೆ.