ಬರವಣಿಗೆಯ ಶ್ರಾವಣ

ನಮ್ಮ ಸೀಮೆಯಲ್ಲಿ ಶ್ರಾವಣವು ಮಳೆಯ ತಿಂಗಳೆನಿಸುವುದಕ್ಕಿಂತ ಮಿಗಿಲಾಗಿ ನೇಮದ ತಿಂಗಳೆನಿಸಿದೆ. ನಾಗರ ಅಮಾವಾಸ್ಯೆಯ ಮರುದಿನದಿಂದ ಬೆನಕನ ಅಮಾವಾಸ್ಯೆಯವರೆಗೆ ಬೈಲಹೊಂಗಲದ ಸುತ್ತಿನ ಯಾವ ಊರಿಗೆ ಹೋದರೂ ಗಡ್ಡ ಬಿಟ್ಟವರು, ಕಾಲ್ಮರಿ ತೊರೆದವರು, ಒಪ್ಪತ್ತು ಉಣ್ಣುವವರು, ಸೋಮವಾರ ಬಂತೆಂದರೆ ಸೊಗಲದ ಸೋಮೇಶ್ವರನ ಗುಡಿಗೆ ನಡೆದುಹೋಗಿ ಅಲ್ಲಿಯ ಜಲಪಾತಕ್ಕೆ ತಲೆಯೊಡ್ಡಿ ಬರುವವರು, ಹೀಗೆ ಒಂದಿಲ್ಲೊಂದು ಬಗೆಯಿಂದ ತಮ್ಮನ್ನು ತಾವೇ ಕಟ್ಟಿಹಾಕಿಕೊಂಡ ಜನರು ಕಾಣಸಿಗುತ್ತಾರೆ. ಇವುಗಳಲ್ಲಿ ಹೆಚ್ಚಿನವು ಬಿಡುವ ನೇಮಗಳು. ಬಿಡುವ ನೇಮಕ್ಕೆ ಒಂದು ಸೌಕರ್ಯವುಂಟು. ವ್ರತಸ್ಥನು ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿರುವಾಗಲೂ ಅದು ತನ್ನಷ್ಟಕ್ಕೆ ತಾನೇ ಪಾಲಿತವಾಗುತ್ತಿರುತ್ತದೆ. ಗಡ್ಡ ಬಿಟ್ಟವನು ಗಡ್ಡಕ್ಕಾಗಿ ಏನನ್ನೂ ಮಾಡಬೇಕಾಗಿಲ್ಲ. ಮಾಡುವ ನೇಮದ ಪಾಡು ಬೇರೆ. ಅದು ದಿನಾಲು ಸಾಯಂಕಾಲ ಸಾಲಗಾರನಂತೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ನಾನು ಹಿಡಿದದ್ದು ಇಂಥ ಮಾಡುವ ನೇಮವನ್ನು. ಶ್ರಾವಣ ಮುಗಿಯುವವರೆಗೆ ಪ್ರತಿರಾತ್ರಿ ಒಂದು ಪುಟವನ್ನು ಬರೆಯತಕ್ಕದ್ದು. ಬರೆದುದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಸೀಮೆಯನ್ನು ದಾಟಕೂಡದು. ಬರೆದ ಪುಟದ ಚಿತ್ರವನ್ನು ಅದೇ ರಾತ್ರಿ ಮೊಬೈಲಿನಲ್ಲಿ ರಾಮದುರ್ಗದ ಬೀಗರಿಗೆ ಕಳುಹಿಸತಕ್ಕದ್ದು. ಈ ಕೊನೆಯ ಕರಾರೇ ಎಲ್ಲಕ್ಕೂ ಮೂಲ. ಮಗಳನ್ನು ಪಂಚಮಿಗೆ ಕರೆತರಲೆಂದು ಯರಗಟ್ಟಿಯ ದಾರಿಯಿಂದ ರಾಮದುರ್ಗಕ್ಕೆ ಹೋದವನು, ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯ ಮುಂದೆ, ನಮ್ಮ ಸೀಮೆಯನ್ನು ಕುರಿತು ಯಾರಾದರೂ ಒಂದು ಪುಸ್ತಕವನ್ನು ಬರೆಯಬೇಕೆಂಬ ನನ್ನ ಹಳೆಯ ರಾಗವನ್ನು ಎತ್ತಿದೆ. ಬೀಗರು ಅಡಿಕೆ ಕತ್ತರಿಸುತ್ತಲೇ, “ಬೀಗರ, ಹತ್ತ ವರ್ಷ ಆತು ಇದನ್ನ ಕೇಳ್ಕೋತ ಬಂದೇನಿ. ಮಾತ ಸಾಕ್ರಿ, ಈ ಶ್ರಾವಣದಾಗ ಬರದ ತೋರಸ್ರಿ” ಎಂದರು. ಹೆಂಡತಿಯ ಮುಂದೆ ಸೋಲಬಹುದು, ಮಕ್ಕಳ ಮುಂದೆ ಸೋಲಬಹುದು. ಬೀಗರ ಮುಂದೆ ಸೋತು ಬಾಳಿದವನನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ.

ನಾಗರ ಅಮಾವಾಸ್ಯೆಯ ಮರುದಿನವೇ ನಮ್ಮೂರ ಮಠದಲ್ಲಿ ಪುರಾಣ ಹಚ್ಚಿದರು. ಈ ಸಲದ್ದು ಪ್ರಭುಲಿಂಗಲೀಲೆ. ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದ ಚಾಮರಸನು ಭಾಮಿನಿ ಷಟ್ಪದಿಯ 25 ಗತಿಗಳಲ್ಲಿ ರಚಿಸಿದ ಅಲ್ಲಮಪ್ರಭುವಿನ ಚರಿತೆ. ಒಬ್ಬರು ಪೇಟಿಯ ಶ್ರುತಿ ಹಿಡಿದು ಪದ್ಯವನ್ನು ಓದುವರು, ತಬಲದವನು ಅದಕ್ಕೆ ಒತ್ತುಕೊಡುವನು, ಬಳಿಕ ಶಾಸ್ತ್ರಿಗಳು ಅದರ ಅರ್ಥವನ್ನು ಬಿಡಿಸಿ ಪ್ರವಚನ ಮಾಡುವರು. ನಾನು ಪ್ರತಿರಾತ್ರಿ ಪುರಾಣ ಕೇಳಿ ಬಂದು ಬರೆಯಲು ಕುಳಿತುಕೊಳ್ಳುತ್ತಿದ್ದೆನಾದುದರಿಂದ, ಶಾಸ್ತ್ರಿಗಳ ತಿಂಗಳೂ ನನ್ನ ತಿಂಗಳೂ ಜೊತೆಜೊತೆಯಾಗಿಯೇ ಸಾಗಿದವು. ಮೊದಮೊದಲು ಭಕ್ತಿಯಿಂದ ಕೇಳುತ್ತಿದ್ದವನು, ನಾಲ್ಕಾರು ದಿನ ಕಳೆಯುವಷ್ಟರಲ್ಲಿ, ಒಬ್ಬ ಕಸುಬುದಾರನು ಇನ್ನೊಬ್ಬ ಕಸುಬುದಾರನನ್ನು ನೋಡುವ ಕಣ್ಣಿನಿಂದ ಅವರನ್ನು ನೋಡತೊಡಗಿದೆ.

ಪುರಾಣವು ಎಷ್ಟು ದಿನ ನಡೆಯಬೇಕೆಂಬುದನ್ನು ನಿರ್ಣಯಿಸುವುದು ಕಥೆಯಲ್ಲ, ಪಂಚಾಂಗ. ಕಥೆ ಉದ್ದವಾದರೂ ಗಿಡ್ಡವಾದರೂ ಮಂಗಲದ ದಿವಸ ಮೊದಲೇ ಗೊತ್ತಾಗಿರುತ್ತದೆ. ಪ್ರಸಾದದ ಸೇವೆಯನ್ನು ಯಾವ ದಿನ ಯಾವ ಮನೆಯವರು ಹಿಡಿದಿದ್ದಾರೆಂಬ ಯಾದಿಯು ಮಠದ ಗೋಡೆಯ ಮೇಲೆ ಅಂಟಿರುತ್ತದೆ. ಅದನ್ನು ಮೀರಿ ಪುರಾಣವು ಒಂದು ದಿನ ಹಿಗ್ಗುವಂತಿಲ್ಲ, ಒಂದು ದಿನ ಕುಗ್ಗುವಂತಿಲ್ಲ. ಆದುದರಿಂದ ಶಾಸ್ತ್ರಿಗಳು ಒಂದು ಪದ್ಯದ ಮೇಲೆ ಮೂರು ರಾತ್ರಿ ನಿಂತಾರು, ಮುಂದೆ ಮೂರು ಗತಿಗಳನ್ನು ಒಂದೇ ರಾತ್ರಿ ಹಾರಿಯಾರು. ಸೋಮವಾರದಂದು ನೆರೆಯೂರಿನವರೂ ಬರುವರೆಂದು ಒಳ್ಳೆಯ ಪ್ರಸಂಗವನ್ನು ಕಾಯ್ದಿರಿಸುವರು. ಮಳೆ ಹೊಡೆದು ಹತ್ತೆಂಟು ಮಂದಿ ಮುದುಕರು ಮಾತ್ರ ಬಂದ ರಾತ್ರಿ ವೇದಾಂತ ಹೇಳುವರು. ಇದನ್ನು ಕುಂದೆಂದು ಹೇಳುತ್ತಿಲ್ಲ. ಇದರಲ್ಲಿರುವ ಕೌಶಲ್ಯವನ್ನು, ಒಂದು ಪುಟದ ಕೆಳಗಿನ ಅಂಚಿಗೆ ಮಾತನ್ನು ತಂದು ಮುಟ್ಟಿಸಲಾರದೆ ಹೆಣಗಿದವನೇ ಬಲ್ಲ.

ತೊಟ್ಟಿಲಿನ ರಾತ್ರಿಯನ್ನಂತೂ ನಾನು ಮರೆಯಲಾರೆ. ಪುರಾಣದಲ್ಲಿ ಶಿಶುಜನನದ ಪ್ರಸಂಗ ಬಂದ ದಿನ ಮಠದಲ್ಲಿ ತೊಟ್ಟಿಲು ಕಟ್ಟುವುದು ನಮ್ಮ ಕಡೆಯ ರೂಢಿ. ಬನವಾಸಿಯ ಮಮಕಾರನೆಂಬ ಅರಸನಿಗೂ ಮೋಹಿನಿಗೂ ಮಾಯೆಯು ಮಗಳಾಗಿ ಹುಟ್ಟುವ ಭಾಗವದು. ಶಾಸ್ತ್ರಿಗಳು, ಈ ಕೂಸು ಕೂಸಲ್ಲ, ಇದು ತಮೋಗುಣದ ಅಂಶ, ಇದನ್ನು ಗೆಲ್ಲಲೆಂದೇ ಪ್ರಭುವು ಭೂಮಿಗೆ ಇಳಿಯಬೇಕಾಯಿತು ಎಂದು ತತ್ತ್ವವನ್ನು ವಿಶದಪಡಿಸುತ್ತಲಿದ್ದರು. ತಾಯಂದಿರು ಅತ್ತ ಕಿವಿಗೊಡಲಿಲ್ಲ. ಚೆಂಡುಹೂವಿನ ಮಾಲೆ ಸುತ್ತಿದ ಮರದ ತೊಟ್ಟಿಲಲ್ಲಿ ಹೊಸ ಕುಪ್ಪಸದ ಖಣವನ್ನು ಹಾಸಿ, ಕುಲಾವಿ ತೊಡಿಸಿದ ತೆಂಗಿನಕಾಯಿಯನ್ನು ಮಲಗಿಸಿ, ಎಡಕ್ಕೆ ನಾಲ್ವರು ಬಲಕ್ಕೆ ನಾಲ್ವರು ನಿಂತು ತೂಗಿದರು. ಸೆರಗಿನ ಗಂಟು ಬಿಚ್ಚಿ ಹತ್ತರ ನೋಟುಗಳನ್ನು ಹಾಕಿದರು. ಹೊಸದಾಗಿ ಮದುವೆಯಾದ ಸೊಸೆಯಂದಿರನ್ನು ಮುಂದೆ ನೂಕಿ ಹಗ್ಗ ಹಿಡಿಸಿದರು. ಪಂಚಮಿಗೆ ಕಟ್ಟಿ ಉಳಿದಿದ್ದ ಶೇಂಗಾದ ಉಂಡಿಯನ್ನೂ ಎಳ್ಳಿನ ಉಂಡಿಯನ್ನೂ ಕೂಸಿನ ಹೆಸರಿನಲ್ಲಿ ಹಂಚಿದರು. ಮಾಯೆಯನ್ನು ಇಷ್ಟು ಪ್ರೀತಿಯಿಂದ ತೂಗಿದ ಬಳಿಕ, ಅದನ್ನು ತ್ಯಜಿಸಬೇಕೆಂದು ತಿಂಗಳ ಉಳಿದ ದಿನಗಳೆಲ್ಲ ಬೋಧಿಸುವ ಶಾಸ್ತ್ರಿಗಳ ಧೈರ್ಯವನ್ನು ಮೆಚ್ಚಬೇಕು.

ನನ್ನ ಕಡೆಗೆ ಬರುತ್ತೇನೆ. ಮೊದಲ ದಿನಗಳಲ್ಲಿ ನನ್ನ ಲೇಖನಿಯು ಅಶ್ವಮೇಧದ ಕುದುರೆಯಂತೆ ಕಿತ್ತೂರಿಗೆ ನೇರ ಓಡಿತು. 1824ರ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರ ಠ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಹತನಾದುದು, ಡಿಸೆಂಬರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದುದು, ಚನ್ನಮ್ಮರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡುದು, ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದುದು, ಇವನ್ನೆಲ್ಲ ಬರೆಯುವಾಗ ಕೈ ತಡೆಯಲಿಲ್ಲ, ಏಕೆಂದರೆ ಇವನ್ನು ಬರೆದವನು ನಾನಲ್ಲ; ನಾಲ್ಕನೆಯ ಇಯತ್ತೆಯಿಂದ ಕೇಳಿದ ಭಾಷಣಗಳೂ ಲಾವಣಿಗಳೂ ನನ್ನ ಕೈಯಿಂದ ತಮ್ಮನ್ನು ತಾವೇ ಬರೆಯಿಸಿಕೊಂಡವು. ಬೀಗರ ಉತ್ತರವು ಪ್ರತಿರಾತ್ರಿಯೂ ಒಂದೇ: “ಮುಟ್ಟಿತು.” ಹಳೆಯ ಕಾರ್ಡುಗಳ ಕಾಲದಿಂದ ಅವರಿಗೆ ಅಂಟಿಬಂದ ಈ ಒಂಟಿ ಶಬ್ದದಲ್ಲಿ ಹೊಗಳಿಕೆಯನ್ನು ಹುಡುಕಿ ನಾನು ನಿದ್ದೆಗೆಟ್ಟುದೂ ಉಂಟು.

ಆ ಪುಟಗಳಲ್ಲಿ ಒಂದನ್ನು ಮಾತ್ರ ನನ್ನದೆಂದು ಹೇಳಿಕೊಳ್ಳಬಲ್ಲೆ. ಠ್ಯಾಕರೆಯು ಬಿದ್ದ ದಿನ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ಟನೆಂಬವನಿಗೆ ಆಗಿನ್ನೂ 21 ವರ್ಷ. ಡಿಸೆಂಬರದ ಆರಂಭದವರೆಗೆ, ಒಂದು ತಿಂಗಳಿಗೂ ಮಿಕ್ಕಿ ಆತನು ಆ ಕೋಟೆಯೊಳಗೆ ಒತ್ತೆಯಾಳಾಗಿದ್ದನು. ಬಿಡುಗಡೆಯಾದ ಮೇಲೆ ಆ ತರುಣನು, ತನ್ನನ್ನು ಕೂಡಿಹಾಕಿದ ನಾಡೆಂದು ಮುಖ ತಿರುವದೆ, ಇದೇ ಸೀಮೆಯ ಕಲ್ಲುಗಳ ಬೆನ್ನುಹತ್ತಿ ನೂರಾರು ಕನ್ನಡ ಶಾಸನಗಳ ನಕಲುಗಳನ್ನು ಮಾಡಿಸಿ ಕಲೆಹಾಕಿದನು. ನಮ್ಮ ರಾಜಮನೆತನಗಳ ಇತಿಹಾಸವನ್ನು ಆಮೇಲೆ ಬರೆದ ಫ್ಲೀಟರಂಥವರಿಗೆ ಆ ಸಂಗ್ರಹವು ಒದಗಿಬಂದಿತು. ರಾಣಿಯು ಬಿಟ್ಟುಕೊಟ್ಟ ಸೆರೆಯಾಳೊಬ್ಬನು ರಟ್ಟರ, ಚಾಲುಕ್ಯರ ಮಾತುಗಳನ್ನು ಕಾಗದದ ಮೇಲೆ ಉಳಿಸಿದನೆಂಬುದು ನಮ್ಮ ಲಾವಣಿಗಳಲ್ಲಿ ಬರುವುದಿಲ್ಲ. ಬಂದಿದ್ದರೆ ರಾಣಿಯ ಕೀರ್ತಿಗೇನೂ ಕೊರತೆಯಾಗುತ್ತಿರಲಿಲ್ಲ.

ಎಲಿಯಟ್ಟನ ಬೆನ್ನಿಗೆ ಸವದತ್ತಿಗೆ ಹೋದೆ. ಜನರು ಸವದತ್ತಿಗೆ ಹೋಗುವುದು ಎಲ್ಲಮ್ಮನಿಗಾಗಿ, ಹೋಗಲಿ. ಆದರೆ ಅದು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿತ್ತೆಂಬುದನ್ನೂ, ಸಮೀಪದ ಹೂಲಿಯ ಪಂಚಲಿಂಗೇಶ್ವರನ ಗುಡಿಯನ್ನೂ ಒಂದು ಗಳಿಗೆ ನೆನೆದರೆ ದೇವಿಯೇನೂ ಮುನಿಯಲಾರಳು. ಶಾಸನಗಳನ್ನು ಓದುವಾಗ ನನಗೆ ಸದಾ ಒಂದು ಕುತೂಹಲ. ದೇವರ ಸ್ತುತಿ, ಅರಸನ ವಂಶ, ಅವನ ಬಿರುದುಗಳು, ಇವು ಕಲ್ಲಿನ ಬಹುಭಾಗವನ್ನು ಆಕ್ರಮಿಸಿರುತ್ತವೆ. ಯಾವ ಹೊಲ, ಎಷ್ಟು ಮತ್ತರು, ಎಣ್ಣೆಗೆ ಯಾವ ಗಾಣ ಎಂಬ ನಿಜವಾದ ಸಂಗತಿಗೆ ಬರುವ ಹೊತ್ತಿಗೆ ಕೆಲವು ಕಲ್ಲುಗಳಲ್ಲಿ ಸ್ಥಳ ಸಾಲದೆ ಅಕ್ಷರಗಳು ಒಂದಕ್ಕೊಂದು ಮೈತಾಗಿ ನಿಲ್ಲುತ್ತವೆ. ಕವಿಗೆ ಕಲ್ಲಿನ ಅಳತೆ ಗೊತ್ತಿದ್ದೂ ಬಿರುದುಗಳ ಮೋಹ ಬಿಡಲಿಲ್ಲ. ನನ್ನ ಪಟ್ಟಿಯ ಮೊದಲ ಪುಟಗಳೂ ಹಾಗೆಯೇ, ಬಿರುದಾವಳಿ.

ಅಷ್ಟರಲ್ಲಿ ಆಶ್ಲೇಷೆ ಹೋಗಿ ಮಘೆ ಹುಟ್ಟಿತು, ನನ್ನ ಇತಿಹಾಸವು ತೀರಿತು. ರಾಮದುರ್ಗದ ಭಾವೆ ಮನೆತನದ ಸಂಸ್ಥಾನವನ್ನು ಕುರಿತು ಬರೆಯೋಣವೆಂದರೆ, ಬೀಗರ ಊರು. ಒಂದಕ್ಕರ ತಪ್ಪಿದರೂ ವರ್ಷವಿಡೀ ಕೇಳಬೇಕು. ಸುರೇಬಾನದ ಶಬರಿಕೊಳ್ಳವನ್ನು ಒಂದು ರಾತ್ರಿಯಲ್ಲಿ ಮುಗಿಸಿದೆ, ನವಿಲುತೀರ್ಥದಲ್ಲಿ ಮಲಪ್ರಭೆಯು ಗುಡ್ಡವನ್ನು ಸೀಳಿ ಹರಿಯುವ ಕಿರುದಾರಿಗೆ ಅಡ್ಡಲಾಗಿ ಆಣೆಕಟ್ಟು ಎದ್ದುದನ್ನು ಇನ್ನೊಂದು ರಾತ್ರಿಯಲ್ಲಿ. ಮರುದಿನ ಬರೆಯಲಿಕ್ಕೆ ಏನೂ ಇರಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಅಡಿಗೆಮನೆಯ ನೆಲದ ಮೇಲೆ ಹಸಿ ಹೆಸರುಕಾಯಿಯ ರಾಶಿ. ಅದನ್ನೇ ಬರೆದೆ.

ಹೆಸರನ್ನು ಒಮ್ಮೆಗೇ ಕಿತ್ತು ಒಕ್ಕುವ ಅನುಕೂಲ ಮಳೆಗಾಲ ಕೊಡುವುದಿಲ್ಲ. ಕರಿದಾದ ಕಾಯಿಗಳನ್ನು ಬಿಡಿಸಿ, ಹಸಿರಿದ್ದವನ್ನು ಗಿಡದಲ್ಲೇ ಬಿಟ್ಟು, ಎಂಟು ದಿನಕ್ಕೆ ಮತ್ತೆ ಹೋಗಬೇಕು. ಎರೆಯ ಹೊಲದಲ್ಲಿ ಹೆಜ್ಜೆಗೆ ಸೇರು ಮಣ್ಣು ಮೆತ್ತಿಕೊಳ್ಳುತ್ತದೆ. ಗೋಣಿಚೀಲದ ಕೊಪ್ಪೆ ಹೊದ್ದ ಹೆಣ್ಣುಮಕ್ಕಳು ಬಿಡಿಸಿದ ಕಾಯಿಗಳನ್ನು ಉಡಿಗೆ ಹಾಕಿಕೊಳ್ಳುತ್ತ ಸಾಲು ಸಾಗುತ್ತಾರೆ. ಉಡಿ ತುಂಬಿದಾಗ ಬದುವಿಗೆ ಬಂದು ಸುರಿಯುತ್ತಾರೆ. ಎರಡು ದಿನ ತಡವಾದರೆ ಕಾಯಿಯೊಳಗೇ ಕಾಳು ಮೊಳೆಯುತ್ತದೆ, ಪೇಟೆಯವನು ಮೂಗು ಮುರಿಯುತ್ತಾನೆ. ಅದಕ್ಕೆಂದೇ ಮಳೆಯ ದಿನಗಳಲ್ಲಿ ಮನೆಯ ಪಡಸಾಲೆ, ಅಡಿಗೆಮನೆ, ಮಂಚದ ಅಡಿ ಎಲ್ಲವೂ ಹೆಸರುಕಾಯಿಯ ಪಾಲು. ನಡುರಾತ್ರಿ ಒಲೆಯ ಬಿಸಿಗೆ ಒಣಗಿದ ಕಾಯಿಗಳು ಚಟಚಟನೆ ಸಿಡಿದು ಕಾಳುಗಳು ಗೋಡೆಗೆ ತಾಗುವ ಸದ್ದು ಕೇಳುತ್ತದೆ. ಇಷ್ಟನ್ನೇ, ಉಪಮೆ ಅಲಂಕಾರಗಳಿಗೆ ಹೊತ್ತಿಲ್ಲದೆ, ನಿದ್ದೆಗಣ್ಣಿನಲ್ಲಿ ಬರೆದು ಕಳುಹಿಸಿ ಮಲಗಿದೆ. ಮುಂಜಾನೆ ಆರಕ್ಕೆ ಬೀಗರ ಫೋನು: “ಬೀಗರ, ನಿನ್ನೀದು ಮತ್ತೊಮ್ಮಿ ಕಳಸ್ರಿ, ಅಕ್ಷರ ಸ್ವಚ್ಛ ಬಂದಿಲ್ಲ. ನಮ್ಮವ್ವಗ ಓದಿ ಹೇಳಬೇಕಾಗೇತಿ. ಆಕೀ ಅರ್ಧಾ ಕೇಳಿ, ಮುಂದ ಏನ ಬರದಾರ ಓದೋ ಅಂತ ಗಂಟ ಬಿದ್ದಾಳ.” ಚನ್ನಮ್ಮರಾಣಿಗೆ ದೊರೆಯದ ಮರ್ಯಾದೆ ಹೆಸರುಕಾಯಿಗೆ ದೊರೆಯಿತು.

ಸ್ಫೂರ್ತಿ ಬಂದಾಗ ಮಾತ್ರ ಬರೆಯುವೆವೆಂದು ಹೇಳುವ ಸಾಹಿತಿಗಳ ವಿಷಯದಲ್ಲಿ ನನಗಿದ್ದ ಗೌರವವು ಆ ಮುಂಜಾನೆಯಿಂದ ಕೊಂಚ ಸವೆದಿದೆ. ಸ್ಫೂರ್ತಿಯಿದ್ದ ರಾತ್ರಿಗಳಲ್ಲಿ ನಾನು ಕೇಳಿದ್ದನ್ನು ಬರೆದೆ. ಅದಿಲ್ಲದ ರಾತ್ರಿಗಳಲ್ಲಿ, ಬೇರೆ ಗತಿಯಿಲ್ಲದೆ, ಕಂಡದ್ದನ್ನು ಬರೆದೆ. ಇಡೀ ತಿಂಗಳನ್ನು ತೂಗಿ ನೋಡಿದರೆ ಈ ಎರಡನೆಯ ಬಗೆಯ ಪುಟಗಳು ಕೆಲವೇ ಇವೆ, ಅವುಗಳ ನಡುವೆ ಕೇವಲ ಕರಾರಿಗಾಗಿ ಗೀಚಿದ ಪುಟಗಳೂ ಬೇಕಾದಷ್ಟಿವೆ. ಬೈಲಹೊಂಗಲದ ಬಸ್ಸಿನ ನಿಲ್ದಾಣದ ಮೇಲೆ ಬರೆದುದನ್ನು ಓದಿದರೆ ಬಸ್ಸಿಗೆ ಕಾಯುವುದೇ ಲೇಸೆನಿಸುತ್ತದೆ. ಆದರೆ ಆ ಗೀಚುಗಳನ್ನು ದಾಟದೆ ಹೆಸರುಕಾಯಿಯ ಬಳಿಗೆ ಬರುವ ಒಳದಾರಿಯನ್ನು ಯಾರೂ ನನಗೆ ತೋರಿಸಿಕೊಡಲಿಲ್ಲ. ನಾನೇ ತಿಥಿಯನ್ನು ಗೊತ್ತುಮಾಡಿಕೊಂಡಿದ್ದರೆ ಮಘೆಯ ಮೊದಲ ಮಳೆಗೇ ಮಂಗಲ ಹಾಡುತ್ತಿದ್ದೆ. ಪಂಚಾಂಗವು ನನ್ನನ್ನು ಕೇಳಲಿಲ್ಲವೆಂಬುದೇ ಉಪಕಾರವಾಯಿತು.

ಬೆನಕನ ಅಮಾವಾಸ್ಯೆಗೆ ಮಂಗಲ. ತಾಯಂದಿರು ಬುಟ್ಟಿಗಳಲ್ಲಿ ರೊಟ್ಟಿಯ ಬುತ್ತಿಯನ್ನು ಹೊತ್ತು ಮೆರವಣಿಗೆಯಲ್ಲಿ ಮಠಕ್ಕೆ ತಂದರು. ಸಜ್ಜೆಯ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾದ ಹಿಂಡಿ, ಮೇಲೆ ಗೋಧಿಯ ಹುಗ್ಗಿ. ಶಾಸ್ತ್ರಿಗಳು ತೊಟ್ಟಿಲ ರಾತ್ರಿಯಲ್ಲಿ ಧಾರಾಳವಾಗಿ ವೆಚ್ಚಮಾಡಿದ ಹೊತ್ತನ್ನು ಈಗ ತುಂಬಿಕೊಳ್ಳಬೇಕಾಗಿ, ಗೋರಕ್ಷನ ವಜ್ರಕಾಯಕ್ಕೆ ಕತ್ತಿ ತಾಗಿ ಖಣಿಲೆಂದುದನ್ನೂ ಪ್ರಭುವಿನ ಮೈಯಲ್ಲಿ ಅದು ಬಯಲಲ್ಲಿ ಆಡಿದಂತೆ ಆಡಿದುದನ್ನೂ ಎರಡೇ ಮಾತಿನಲ್ಲಿ ಮುಗಿಸಿ, ಶೂನ್ಯಸಿಂಹಾಸನಕ್ಕೆ ಒಂದೇ ಜಿಗಿತದಲ್ಲಿ ಏರಿದರು. ಆ ರಾತ್ರಿ ನನ್ನ ಕೊನೆಯ ಪುಟವೂ ಅಂಥದೇ ಆತುರದ್ದು. ದೇಗಾವಿಯ ಕಮಲನಾರಾಯಣನ ಗುಡಿ, ಗೊಡಚಿಯ ವೀರಭದ್ರ, ಬೆಳವಡಿಯ ಮಲ್ಲಮ್ಮ, ಮುಗುಟಖಾನ ಹುಬ್ಬಳ್ಳಿಯಲ್ಲಿ ಹೊಳೆಯ ದಂಡೆಯ ಗಂಗಾಂಬಿಕೆಯ ಐಕ್ಯಸ್ಥಳ, ಬರೆಯದೆ ಉಳಿದವುಗಳನ್ನೆಲ್ಲ ಒಂದೇ ಪುಟಕ್ಕೆ ತುರುಕಿ ಸಾಲುಗಳನ್ನು ಅಂಚಿನವರೆಗೆ ಒತ್ತಿದೆ. “ಮುಟ್ಟಿತು” ಎಂದು ಬಂದಿತು.

ಮರುದಿನ ಮಠದಲ್ಲಿ ಪುರಾಣ ಸಮಿತಿಯ ಜಮಾಖರ್ಚಿನ ಸಭೆ. ನಾನು ನೇಮ ಹಿಡಿದ ವಾರ್ತೆ ಊರಲ್ಲೆಲ್ಲ ಹಬ್ಬಿದ್ದಿತು. “ಮಾಸ್ತರ, ಹೆಂಗೂ ನೀವು ದಿನಾ ಬರ್ಯಾವ್ರು, ಕೈ ಹದಾ ಬಿದ್ದೇತಿ, ಲೆಕ್ಕಾನೂ ನೀವ ಬರೀರಿ” ಎಂದು ಹಿರಿಯರು ಅಪ್ಪಣೆಯಿತ್ತರು. ಬೇರೆ ಪುಸ್ತಕ ಸಿಗಲಿಲ್ಲವಾಗಿ ನನ್ನ ಪಟ್ಟಿಯನ್ನೇ ತರಿಸಿ, ಕೊನೆಯ ಪುಟದ ಹಿಂಬದಿಯಲ್ಲಿ ಗೆರೆ ಹಾಕಿಕೊಂಡು ಬರೆದೆ: ಗೋಧಿ, ಬೆಲ್ಲ, ಒಳ್ಳೆಣ್ಣೆ, ಪತ್ರಾವಳಿ, ಶಾಸ್ತ್ರಿಗಳ ಕಾಣಿಕೆ, ತಬಲದವನ ಬಸ್ಸಿನ ಖರ್ಚು, ತೊಟ್ಟಿಲಲ್ಲಿ ಬಿದ್ದ ದುಡ್ಡು ಜಮಾ. ಎಲ್ಲವೂ ಸರಿಹೋಯಿತು, ಮೈಕಿನವನ ಬಾಡಿಗೆಯೊಂದು ಮಾತ್ರ ನಿಲ್ಲದಾಯಿತು. ಮಳೆಗೆ ಮೈಕು ಕೆಟ್ಟು ಮೂರು ರಾತ್ರಿ ಶಾಸ್ತ್ರಿಗಳು ಬರಿಯ ಗಂಟಲಿನಿಂದಲೇ ಹೇಳಿದರಾದುದರಿಂದ ಆ ಮೂರು ದಿನದ ಬಾಡಿಗೆಯನ್ನು ಹಿಡಿಯಬೇಕೆಂದು ಒಂದು ಪಕ್ಷ. ಮೈಕು ಕೆಟ್ಟ ರಾತ್ರಿಗಳಲ್ಲಿಯೇ ಅರ್ಥವು ಚೆನ್ನಾಗಿ ತಿಳಿಯಿತೆಂದೂ, ಆ ಪುಣ್ಯಕ್ಕಾಗಿ ಅವನಿಗೆ ಪೂರ್ತಿ ಕೊಡಬೇಕೆಂದೂ ಇನ್ನೊಂದು ಪಕ್ಷ. ಮಧ್ಯಾಹ್ನದವರೆಗೆ ವಾದ ನಡೆದು, ಅದನ್ನು ಬಾಕಿಯೆಂದು ಬರೆದಿಡಬೇಕೆಂಬ ತೀರ್ಮಾನವಾಯಿತು; ಬರೆದೆ.