ಸೊನ್ನೆ ಬಿಲ್ಲು

ಉದಯಗಿರಿಯ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಎರಡನೇ ವಾರ. ಹತ್ತನೇ ತರಗತಿಗೆ ‘ವಿದ್ಯುಚ್ಛಕ್ತಿ’ ಪಾಠ. ಪಾಠಯೋಜನೆಯ ಬೋಧನೋಪಕರಣದ ಕಾಲಮ್ಮಿನಲ್ಲಿ ‘ಸ್ವಂತ ತಂತ್ರಾಂಶ’ ಎಂದು ಹೆಮ್ಮೆಯಿಂದ ಬರೆದಿದ್ದೆ. ಬಿಎಸ್ಸಿಯಲ್ಲಿ ಕಲಿತ ಸಿ ಭಾಷೆಯಲ್ಲಿ ಮಾಡಿದ್ದು: ಬಲ್ಬು, ಫ್ಯಾನು, ಮಿಕ್ಸಿಗಳ ವ್ಯಾಟ್ ಮತ್ತು ಬಳಸಿದ ಗಂಟೆ ಕೊಟ್ಟರೆ ತಿಂಗಳಿಗೆ ಎಷ್ಟು ಯೂನಿಟ್, ಎಷ್ಟು ಬಿಲ್ಲು ಎಂದು ತೋರಿಸುತ್ತಿತ್ತು.

ಮಕ್ಕಳು ಮನೆಯ ಲೆಕ್ಕ ತಂದಿದ್ದರು. ಒಬ್ಬಳ ಮನೆಯದು 74 ಯೂನಿಟ್. ಪರದೆಯ ಮೇಲೆ ನಾನೂರು ಚಿಲ್ಲರೆ ಬಂತು. ಅವಳು ಎದ್ದು ನಿಂತಳು: “ಮಿಸ್, ನಮ್ಮನೆಗೆ ಸೊನ್ನೆ ಬಿಲ್ ಬರೋದು. ನಿಮ್ ಕಂಪ್ಯೂಟರ್ ತಪ್ಪು ಹೇಳ್ತಿದೆ.”

ಅವಳೇ ಸರಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತ. ನನ್ನ ಲೆಕ್ಕದಲ್ಲಿ ಅದಿರಲಿಲ್ಲ. ಸೇರಿಸಬೇಕೆಂದರೆ ಸಿ ಕೋಡ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಕಂಪೈಲರ್ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ಮಾರ್ಗದರ್ಶಕ ಶಿಕ್ಷಕಿ ತರಗತಿ ಮುಗಿದ ಮೇಲೆ ಕೇಳಿದರು: “ದರ ಮತ್ತೆ ಬದಲಾದ್ರೆ ನಿಮ್ಮನ್ನ ಎಲ್ಲಿ ಹುಡುಕೋದಮ್ಮ?” ಇನ್ನು ಮೂರು ವಾರಕ್ಕೆ ನಾನು ಅಲ್ಲಿರುವುದಿಲ್ಲ.

ಆ ರಾತ್ರಿ ಲುವಾ ಎಂಬ ಸ್ಕ್ರಿಪ್ಟಿಂಗ್ ಭಾಷೆಯನ್ನು ನನ್ನ ತಂತ್ರಾಂಶದೊಳಗೆ ಕೂರಿಸಿದೆ. 1993ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದ ವಿಶ್ವವಿದ್ಯಾಲಯವೊಂದರಲ್ಲಿ ಮೂವರು ಕಟ್ಟಿದ ಭಾಷೆ ಇದು. ಪೋರ್ಚುಗೀಸಿನಲ್ಲಿ ಲುವಾ ಎಂದರೆ ಚಂದ್ರ. ಬೇರೆ ತಂತ್ರಾಂಶದೊಳಗೆ ಸೇರಿಕೊಳ್ಳಲೆಂದೇ ಮಾಡಿದ್ದರಿಂದ ಗಾತ್ರ ಬಲು ಚಿಕ್ಕದು. ಯೂನಿಟ್ ಎಣಿಸುವುದು, ಪರದೆಯ ಚಿತ್ರ ಇವೆಲ್ಲ ಸಿಯಲ್ಲೇ ಉಳಿದವು. ವ್ಯಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸುವ ಸೂತ್ರವನ್ನು ಯಾವ ಸರಕಾರವೂ ಬದಲಿಸುವುದಿಲ್ಲವಲ್ಲ! ಬಿಲ್ಲಿನ ನಿಯಮ ಮಾತ್ರ ‘ಬಿಲ್’ ಎಂಬ ಪುಟ್ಟ ಕಡತಕ್ಕೆ ಹೋಯಿತು. ತಂತ್ರಾಂಶ ಶುರುವಾದಾಗ ಆ ಕಡತ ಓದುತ್ತದೆ. ಯೂನಿಟ್ ಮತ್ತು ಸರಾಸರಿಯನ್ನು ಸಿ ಒಂದರ ಮೇಲೊಂದು ತಟ್ಟೆ ಪೇರಿಸಿದಂತೆ ಇಡುತ್ತದೆ. ಲುವಾ ಅವನ್ನು ಎತ್ತಿಕೊಂಡು ಲೆಕ್ಕ ಮಾಡಿ ರೂಪಾಯಿಯನ್ನು ಅದೇ ಜಾಗದಲ್ಲಿ ಇಡುತ್ತದೆ. ನಿಯಮ ಬದಲಿಸಲು ನೋಟ್‌ಪ್ಯಾಡ್ ಸಾಕು.

ಮರುದಿನ ಮಕ್ಕಳೇ ನಿಯಮ ಬರೆದರು. ಚಲಕಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕೆಂದಾಗ ಗೊಣಗಿದರು. ಸಂದೇಶ ಕನ್ನಡದಲ್ಲಿರಬಹುದು ಎಂದಾಗ ‘ನಿಮ್ಮ ಬಿಲ್ಲು ಸೊನ್ನೆ’ ಎಂದು ಐದು ಆಶ್ಚರ್ಯಸೂಚಕ ಹಾಕಿದರು.

ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತ ದಿನವೇ ಎಡವಟ್ಟಾಯಿತು. ಹುಡುಗನೊಬ್ಬ ಹನ್ನೆರಡು ತಿಂಗಳ ಲೆಕ್ಕಕ್ಕೆ ಲೂಪ್ ಬರೆದ, ತಿಂಗಳನ್ನು ಒಂದು ಹೆಚ್ಚಿಸುವ ಸಾಲು ಮರೆತ. ಪರದೆ ಸ್ತಬ್ಧ. ಸಾಲಿನಲ್ಲಿ ದೋಷವಿದ್ದರೆ ಹಿಡಿಯುವ ಏರ್ಪಾಡು ಮಾಡಿದ್ದೆ, ಆದರೆ ಮುಗಿಯದ ಲೂಪ್ ದೋಷವೇ ಅಲ್ಲ, ಅದು ಓಡುತ್ತಲೇ ಇರುತ್ತದೆ. ನಾನು ಬೆವೆತು ಲ್ಯಾಪ್‌ಟಾಪ್ ಆಫ್ ಮಾಡಿ ಕಪ್ಪುಹಲಗೆಗೆ ತಿರುಗಿದೆ. ಅವಲೋಕನ ಪುಸ್ತಕದಲ್ಲಿ ಪರಿವೀಕ್ಷಕರು ಬರೆದದ್ದು: “ಉಪಕರಣವನ್ನು ಮೊದಲೇ ಪರೀಕ್ಷಿಸಬೇಕು.” ಪರೀಕ್ಷಿಸಿದ್ದೆ, ಆದರೆ ನಾನು ಬರೆದ ಸರಿಯಾದ ನಿಯಮದಿಂದ ಮಾತ್ರ. ತಪ್ಪು ಮಾಡುವವರ ಕೈಗೆ ಕೊಟ್ಟು ನೋಡಿರಲಿಲ್ಲ.

ಆಮೇಲೆ ಎರಡು ಬೇಲಿ ಹಾಕಿದೆ. ಇಷ್ಟು ಲಕ್ಷ ಆದೇಶ ದಾಟಿದರೆ ಲುವಾವನ್ನು ಸಿ ತಡೆದು ನಿಲ್ಲಿಸುತ್ತದೆ. ಅದಕ್ಕೆ ಲುವಾದಲ್ಲೇ ಸೌಲಭ್ಯವಿದೆ. ಇನ್ನೊಂದು, ಕಡತ ಅಳಿಸಬಲ್ಲ ಲೈಬ್ರರಿಗಳನ್ನು ತೆರೆಯದೇ ಬಿಟ್ಟೆ. ಶಾಲೆಯ ಕಂಪ್ಯೂಟರಿನಲ್ಲಿ ಅಂಕಪಟ್ಟಿಗಳೂ ಇದ್ದವು.

ಕೊನೆಯ ದಿನ ಸಹಿ ಹಾಕಿಸಲು ಹೋದಾಗ ಶಿಕ್ಷಕಿ ಕಂಪ್ಯೂಟರ್ ಮುಂದೆ ಕುಳಿತಿದ್ದರು. ಒಂದೇ ಮೀಟರಿನಲ್ಲಿ ಎರಡು ಸಂಸಾರವಿದ್ದರೆ ಬಿಲ್ಲನ್ನು ಹೇಗೆ ಹಂಚಬೇಕೆಂಬ ನಿಯಮ ಬರೆಯುತ್ತಿದ್ದರು. ಯಾರದೋ ಮನೆಯ ಲೆಕ್ಕವಂತೆ. 14ನೇ ಸಾಲಿನಲ್ಲಿ ದೋಷ ಎಂದು ಪರದೆ ಹೇಳಿತು. ನಾನು ಬಗ್ಗಿ ನೋಡಹೋದೆ.

“ಇರಿ ಇರಿ, ‘ಎಂಡ್’ ಬಿಟ್ಟಿದ್ದೀನಿ,” ಎಂದು ಅವರೇ ಸೇರಿಸಿದರು.